ಮೂರು ಪೊಟ್ಟಣ ಜಟಾಮಾಂಸಿ

ಅಮರಗೋಳದ ಮಾರ್ಕೆಟ್ಟಿನಲ್ಲಿ ನನಗಿಂತ ನನ್ನ ಸಿಟ್ಟಿಗೇ ಹೆಚ್ಚು ಹೆಸರಿದೆ. ಮೆಣಸಿನಕಾಯಿ ವ್ಯಾಪಾರಿ ಫಕೀರಪ್ಪನ ಅಂಗಡಿ ಎಲ್ಲಿ ಎಂದರೆ ‘ಯಾವ ಫಕೀರಪ್ಪ?’ ಎನ್ನುತ್ತಾರೆ. ಒದರೋ ಫಕೀರಪ್ಪ ಎಂದರೆ ಕೈ ಹಿಡಿದು ತಂದು ಬಿಡುತ್ತಾರೆ. ಇದಕ್ಕೆ ನನಗೇನೂ ನಾಚಿಕೆಯಿರಲಿಲ್ಲ. ಹೊಟ್ಟೆಯಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಂಡು ಹಲ್ಲು ಕಿಸಿಯುವವರ ಪೈಕಿ ನಾನಲ್ಲ. ಇದ್ದದ್ದನ್ನು ಎದುರಿಗೆ ಹೇಳುತ್ತೇನೆ, ನನಗೂ ಎದುರಿಗೇ ಹೇಳಿ ಎನ್ನುತ್ತೇನೆ. ಅರವತ್ಮೂರು ವರ್ಷ ಹಾಗೇ ಬದುಕಿದ್ದೇನೆ ಎಂದು ಈ ಸಂಕ್ರಾಂತಿಯವರೆಗೆ ನಂಬಿಕೊಂಡಿದ್ದೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಒಂದನೆಯದು, ನನಗೆ ಮೂಗಿಲ್ಲ. ಮುಖದ ಮೇಲೆ ಇದೆ, ದೊಡ್ಡದೇ ಇದೆ, ಆದರೆ ಕೆಲಸಕ್ಕೆ ಬಾರದು. ನಲವತ್ತು ವರ್ಷ ಮೆಣಸಿನಕಾಯಿಯ ಧೂಳು ಕುಡಿದು ಅದು ಸತ್ತೇಹೋಗಿದೆ. ಮನೆಯಲ್ಲಿ ಒಗ್ಗರಣೆ ಸೀದು ಓಣಿಯವರೆಲ್ಲಾ ಕೆಮ್ಮುತ್ತಿದ್ದರೂ ನಾನು ಪೇಪರು ಓದುತ್ತಾ ಕೂತಿರುತ್ತೇನೆ. ಸೀನು ಮಾತ್ರ ಬಿಟ್ಟಿಲ್ಲ, ಅದಕ್ಕೊಂದು ಗುಳಿಗೆ ನುಂಗುತ್ತೇನೆ. ಹೋದ ವರ್ಷದಿಂದ ಬಿಪಿಗೂ ಒಂದು ಗುಳಿಗೆ ಬಂದಿದೆ.

ಎರಡನೆಯದು ನಮ್ಮಪ್ಪನ ವಿಷಯ. ಅವನು ಅಮ್ಮಿನಬಾವಿಯ ಹೊಲದ ಬದುವಿನ ಮೇಲೆ ನಿಂತು ಕೂಗಿದರೆ ಊರೊಳಗಿನ ನಾಯಿಗಳು ಉತ್ತರ ಕೊಡುತ್ತಿದ್ದವು. ಮುಪ್ಪಿನಲ್ಲಿ ಅವನಿಗೆ ಮರೆವಿನ ರೋಗ ಬಂತು. ಆದರೆ ಅವನಿಗೆ ಮೊದಲು ಹೋದದ್ದು ನೆನಪಲ್ಲ, ಸಿಟ್ಟು. ಒಂದು ದಿನ ಅವ್ವ ರೊಟ್ಟಿ ಕರಕು ಮಾಡಿದ್ದಳು, ಅಪ್ಪ ‘ಇರ್ಲಿ ಬಿಡು’ ಅಂದ. ಮನೆಯವರೆಲ್ಲಾ ಹಿಗ್ಗಿದೆವು, ಹಿರಿಯನಿಗೆ ಶಾಂತಿ ಬಂತು ಎಂದು ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದೆವು. ಆರು ತಿಂಗಳಿಗೆ ಅಪ್ಪ ನನ್ನ ಮುಖ ನೋಡಿ ಕೈ ಮುಗಿದ. “ನೀವು ಯಾರ ಪೈಕಿರೀ? ಭಾಳ ಛಲೋ ಮನಷ್ಯಾರು ಕಾಣಸ್ತೀರಿ” ಅಂದ. ನಾನು ದನದ ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ.

ಈಗ ಕಥೆಗೆ ಬರುತ್ತೇನೆ. ಸಂಕ್ರಾಂತಿ ಮುಗಿದು ಹೊಸ ಮಾಲು ಬರಲು ಶುರುವಾಗಿತ್ತು. ಪಕ್ಕದ ಅಂಗಡಿಯ ಕಪಿಲ ನನಗಿಂತ ಹದಿನೈದು ವರ್ಷ ಚಿಕ್ಕವನು. ದಿನಾ ಬೆಳಿಗ್ಗೆ ನನ್ನನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಅವನು ಕೆಣಕುವುದು, ನಾನು ಒದರುವುದು, ಹಮಾಲರು ಚೀಲ ಕೆಳಗಿಳಿಸಿ ನಿಂತು ನೋಡುವುದು, ಇದು ನಮ್ಮ ಸಾಲಿನ ದಿನದ ಪದ್ಧತಿ. ಅಂದು ಅವನು ನನ್ನ ರಾಶಿಯಿಂದ ಒಂದು ಕಾಯಿ ಎತ್ತಿ ಬಿಸಿಲಿಗೆ ಹಿಡಿದು, ಇದು ಹೋದ ವರ್ಷದ ಮಾಲಿನ ಹಾಗೆ ಕಾಣುತ್ತದಲ್ಲ ಅಣ್ಣಾರ ಅಂದ. ಹಮಾಲ ದುರಗಪ್ಪ ಆಗಲೇ ಚೀಲ ಇಳಿಸಿ ಸಜ್ಜಾಗಿದ್ದ.

“ಇದ್ರೂ ಇರಬಹುದಪಾ” ಅಂದೆ ನಾನು.

ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಕಪಿಲನ ಮುಖ ಬಿಳುಚಿಕೊಂಡಿತು. ಓಡಿ ಹೋಗಿ ತನ್ನ ಅಂಗಡಿಯ ಕುರ್ಚಿ ತಂದು ನನ್ನನ್ನು ಕೂರಿಸಿ, ಎದೆ ನೋಯುತ್ತದೇನು, ಎಡಗೈ ಜೋಮು ಹಿಡಿದಿದೆಯೇನು ಎಂದು ಕೇಳಿದ. ನನಗೆ ಎಲ್ಲೂ ನೋವಿರಲಿಲ್ಲ. ಒದರಬೇಕು ಎಂದು ಬಾಯಿ ತೆರೆದಿದ್ದೆ, ಒದರುವಷ್ಟು ಬೇಸರವೇ ಬರಲಿಲ್ಲ, ಅಷ್ಟೇ.

ಮನೆಯಲ್ಲೂ ಅದೇ ಕಥೆ. ಬೇಳೆಗೆ ಉಪ್ಪಿಲ್ಲ ಎಂದು ತಿಳಿದರೂ ಉಂಡು ಎದ್ದೆ. ಮಗ ಶಿವಯೋಗೀಶ ಲಾರಿಯವನಿಗೆ ತಪ್ಪು ದಿನ ಹೇಳಿದ್ದ, ಅದನ್ನು ಹೆದರುತ್ತಾ ಬಂದು ಹೇಳಿದಾಗ ‘ಆತು ಬಿಡು’ ಅಂದೆ. ಸೊಸೆ ಉಮಾಶ್ರೀ ಸೆರಗಿನಲ್ಲಿ ನಗು ಮುಚ್ಚಿಕೊಂಡದ್ದು ಕಂಡಿತು. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಟೀವಿಯ ಸದ್ದು ಏರಿತು, ನನ್ನ ಹೆಂಡತಿ ಚನ್ನಬಸವ್ವ ರೊಟ್ಟಿ ಬಡಿಯುತ್ತಾ ಗುಣುಗುಣು ಹಾಡತೊಡಗಿದಳು. ಅವಳು ಹಾಡುತ್ತಾಳೆ ಎನ್ನುವುದೇ ನನಗೆ ಮೂವತ್ತೆಂಟು ವರ್ಷದಲ್ಲಿ ಗೊತ್ತಿರಲಿಲ್ಲ. ಮನೆಮಂದಿಯೆಲ್ಲಾ ಹಬ್ಬ ಮಾಡುತ್ತಿದ್ದರು, ನಾನು ಮಾತ್ರ ಅಪ್ಪನನ್ನು ನೆನೆಯುತ್ತಿದ್ದೆ. ಅಪ್ಪನ ‘ಇರ್ಲಿ ಬಿಡು’ ನನ್ನ ಬಾಯಿಂದ ಬರತೊಡಗಿತ್ತು.

ಅಲ್ಲಿಂದ ಒಂದೊಂದೇ ಆಗುತ್ತಾ ಹೋಯಿತು. ಗಾದಿಯ ಮೇಲೆ ಕೂತಲ್ಲೇ ತೂಕಡಿಕೆ. ಎದ್ದು ನಿಂತರೆ ಕಣ್ಣು ಕತ್ತಲೆ. ನಮ್ಮ ಗುಮಾಸ್ತ ಯಂಕಣ್ಣನೂ ನನ್ನ ಎದುರು ಕೂತು ತೂಕಡಿಸುತ್ತಿದ್ದ. ಯಜಮಾನನಿಗೇ ಎಚ್ಚರವಿಲ್ಲದಿದ್ದರೆ ಆಳಿಗೆ ಎಲ್ಲಿಂದ ಬರಬೇಕು ಎಂದುಕೊಂಡು ಅವನಿಗೂ ಬೈಯಲಿಲ್ಲ. ಕೋಲ್ಡ್ ಸ್ಟೋರೇಜಿಗೆಂದು ಗಬ್ಬೂರ ಬೈಪಾಸಿನ ಕಡೆ ಸ್ಕೂಟರಿನಲ್ಲಿ ಹೋದವನು ಒಂದು ಗಳಿಗೆ ಕಣ್ಣು ಮುಚ್ಚಿದೆ. ತೆರೆದಾಗ ಸ್ಕೂಟರು ರಸ್ತೆ ಬಿಟ್ಟು ಜಾಲಿಗಿಡದ ಬುಡದಲ್ಲಿತ್ತು. ಮೊಣಕಾಲು ತರಚಿತ್ತು. ಹಿಂದೆ ಬರುತ್ತಿದ್ದ ಲಾರಿ ಎಡಕ್ಕೆ ಬಂದಿದ್ದರೆ ಈ ಕಥೆಯನ್ನು ಬೇರೆ ಯಾರೋ ಹೇಳಬೇಕಾಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸ್ಕೂಟರಿನ ಕೀಲಿ ದೇವರ ಫೋಟೋದ ಹಿಂದೆ ಇಟ್ಟುಬಿಟ್ಟೆ.

ನನ್ನನ್ನು ಪೂರಾ ಮುರಿದದ್ದು ಆ ಶುಕ್ರವಾರ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ. ತೆಳ್ಳಗೆ ಉದ್ದಕ್ಕಿದ್ದರೆ ಕಡ್ಡಿ, ಗುಂಡಗೆ ಮೋಟಾಗಿದ್ದರೆ ಡಬ್ಬಿ. ಮಾರ್ಕೆಟ್ಟಿಗೆ ಬಂದ ಮೊದಲ ದಿನ ಕಲಿಯುವ ಪಾಠ ಅದು. ಆ ದಿನ ನಾನು ನಿಂತು ಕೈ ತೋರಿಸಿ, ಕಡ್ಡಿಯ ಆರು ಚೀಲವನ್ನು ಡಬ್ಬಿಯ ರಾಶಿಗೆ ಸುರಿಸಿದೆ. ದುರಗಪ್ಪ ಎರಡು ಸಲ ‘ಇಲ್ಲೇ ಏನ್ರೀ?’ ಎಂದು ಕೇಳಿದನಂತೆ, ನಾನು ಎರಡು ಸಲವೂ ಹೂಂ ಅಂದೆನಂತೆ. ಹಮಾಲರು ಸಂಜೆಯವರೆಗೆ ಕೂತು ಒಂದೊಂದೇ ಕಾಯಿ ಆರಿಸಿದರು. ಒಬ್ಬನೂ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದೇ ನಿಶ್ಚಯ ಮಾಡಿದೆ. ಬರುವ ಸೋಮವಾರ ಪೂಜೆ ಮುಗಿಸಿ ಅಂಗಡಿಯ ಕೀಲಿಕೈ ಮಗನ ಕೈಗೆ ಕೊಟ್ಟು ಗಾದಿಯಿಂದ ಇಳಿಯುವುದು. ಮಂದಿ ‘ಫಕೀರಪ್ಪಗ ಅರಳು ಮರಳು’ ಎನ್ನುವ ಮೊದಲೇ ಮಾನದಿಂದ ಇಳಿಯುವುದು. ಆದರೂ ಜೀವ ಕೇಳಬೇಕಲ್ಲ. ನೆನಪಿಗೆ ಬ್ರಾಹ್ಮಿ ಒಳ್ಳೆಯದು ಎಂದು ಎಲ್ಲೋ ಕೇಳಿದ್ದೆ. ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ, ದಿನಾ ಮನೆಯಿಂದ ಒಯ್ಯುವ ಚಹಾದ ಫ್ಲಾಸ್ಕು ಬಗಲಿಗೆ ಹಾಕಿಕೊಂಡು ಚಿಗರಿ ಬಸ್ಸು ಹತ್ತಿ ಹಳೇ ಹುಬ್ಬಳ್ಳಿಗೆ ಮಲ್ಲಿಕಸಾಬ ಕಾಕಾನ ಅಂಗಡಿಗೆ ಹೋದೆ.

ಮಲ್ಲಿಕಸಾಬ ಅತ್ತಾರ ಎಪ್ಪತ್ತಾರು ದಾಟಿದ ಮನುಷ್ಯ. ಅವರ ಅಜ್ಜನ ಕಾಲದ ಗಿಡಮೂಲಿಕೆ ಅಂಗಡಿ, ಗೋಡೆ ತುಂಬಾ ಬರಣಿ. ಅಲ್ಲಿ ಸಾಮಾನು ತರುವುದೆಂದರೆ ಪಂಚಾಯ್ತಿ. ಯಾರಿಗೆ ಬೇಕು, ವಯಸ್ಸೆಷ್ಟು, ಡಾಕ್ಟರ ಗುಳಿಗೆ ಏನೇನು ನಡೆದಿದೆ, ಹೆಂಗಸಾದರೆ ಬಸಿರಿಯೋ ಬಾಣಂತಿಯೋ, ಎಲ್ಲಾ ಕೇಳಿದ ಮೇಲೆ ಬರಣಿಯ ಮುಚ್ಚಳ ತೆಗೆಯುತ್ತಾರೆ. ಕಟ್ಟಿದ ಪೊಟ್ಟಣದ ಮೇಲೆ ಪೆನ್ಸಿಲ್ಲಿನಲ್ಲಿ ಔಷಧದ ಹೆಸರು ಬರೆಯುವುದಿಲ್ಲ, ತಿನ್ನುವವರ ಹೆಸರು ಬರೆಯುತ್ತಾರೆ. ಒಬ್ಬರ ಪೊಟ್ಟಣಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎನ್ನುವುದು ಅವರ ಅಜ್ಜನ ನೇಮವಂತೆ. ಇದು ಅಂಗಡಿಯೋ ಪೊಲೀಸ್ ಠಾಣೆಯೋ ಎಂದು ನಾನೇ ಹಿಂದೆ ಎರಡು ಸಲ ಜಗಳ ತೆಗೆದಿದ್ದೇನೆ.

ನಾನು ಒಬ್ಬನೇ ಕೂತು ಚಹಾ ಕುಡಿಯುವವನಲ್ಲ. ಎದುರಿಗೆ ಯಾರಿದ್ದರೂ ಅರ್ಧ ಅವರಿಗೆ. ಹೋದವನೇ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ಕಾಕಾಗೆ ಕೊಟ್ಟೆ. ಅವರು ಬಾಯಿಯವರೆಗೆ ಒಯ್ದು ನಿಲ್ಲಿಸಿದರು. ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು.

“ಸಾವ್ಕಾರ್ರ, ಇದನ್ನ ಕುಡಿಯಾಕತ್ತು ಎಷ್ಟ ದಿನ ಆತ್ರಿ?”

ಹುಟ್ಟಿದಾಗಿನಿಂದ ಚಹಾ ಕುಡಿಯುತ್ತಿದ್ದೇನೆ, ಡಾಕ್ಟರು ಸಕ್ಕರೆ ಬಿಡಿಸಿದ ಮೇಲೆ ಅದೂ ಕಷಾಯದ ಹಾಗೇ ಇದೆ ಎಂದೆ. ಕಾಕಾ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟರು.

“ಇದು ಬರೇ ಚಹಾ ಅಲ್ರಿ. ನನ್ನ ಅಂಗಡಿ ಮಾಲು ಕುದ್ದೈತಿ ಇದರಾಗ.”

ಎದ್ದು ಮೇಲಿನ ಸಾಲಿನ ಒಂದು ಬರಣಿ ಇಳಿಸಿದರು. ಒಳಗೆ ಕಂದು ಬಣ್ಣದ, ಕೂದಲು ಕೂದಲಾದ ಬೇರು. ಜಟಾಮಾಂಸಿ ಎಂದರು. ಹಿಮಾಲಯದ ಕಡೆಯಿಂದ ಬರುತ್ತದಂತೆ, ನಿದ್ದೆ ಬರದವರಿಗೆ, ಎದೆ ಹೊಡೆದುಕೊಳ್ಳುವವರಿಗೆ, ವಿನಾಕಾರಣ ಕಳವಳ ಪಡುವವರಿಗೆ ಹಿಂದಿನಿಂದಲೂ ಕೊಡುತ್ತಾ ಬಂದದ್ದು. ಅದನ್ನು ನನ್ನ ಮೂಗಿಗೆ ಹಿಡಿದರು. ಏನೂ ಬರಲಿಲ್ಲ ಎಂದೆ. ಮುದುಕ ಕೆಮ್ಮು ಬರುವವರೆಗೆ ನಕ್ಕರು. ಬೀದಿಯ ಆ ತುದಿಗೆ ಹೊಡೆಯುವ ವಾಸನೆಯನ್ನು ತಲೆಯ ಮೇಲೆ ಹೊತ್ತು ತಿರುಗಿದ್ದೀರಿ, ನಿಮಗೊಬ್ಬರಿಗೇ ತಿಳಿದಿಲ್ಲ ಎಂದರು. ಆಗ ಯಂಕಣ್ಣನ ತೂಕಡಿಕೆ ನೆನಪಾಯಿತು. ಪಾಪ, ನನ್ನ ಫ್ಲಾಸ್ಕಿನ ಅರ್ಧ ಪಾಲು ದಿನಾ ಅವನದೇ, ಅದೇ ಧೂಳಿನಲ್ಲಿ ಕೂತ ಅವನ ಮೂಗೂ ನನ್ನದರ ಹಾಗೇ.

ಗುಳಿಗೆ ಯಾವುದು ನಡೆದಿದೆ ಎಂದು ಕೇಳಿದರು. ಬಿಪಿಯದು, ಸೀನಿನದು ಎಂದೆ. ಕಾಕಾನ ನಗು ನಿಂತುಹೋಯಿತು, ಹಣೆ ಹಣೆ ಬಡಿದುಕೊಂಡರು. ಬಿಪಿ ಗುಳಿಗೆ ರಕ್ತದ ಒತ್ತಡ ಇಳಿಸುತ್ತದೆ, ಈ ಬೇರೂ ಇಳಿಸಬಹುದು. ಸೀನಿನ ಗುಳಿಗೆ ತೂಕಡಿಕೆ ತರುತ್ತದೆ, ಈ ಬೇರೂ ತರುತ್ತದೆ. ಒಂದಕ್ಕೊಂದು ಕೂಡಿದರೆ ಮನುಷ್ಯ ನಿಂತಲ್ಲಿ ಬೀಳುತ್ತಾನೆ, ಗಾಡಿ ಹೊಡೆಯುವವನಾದರೆ ರಸ್ತೆಯ ಮೇಲೆ ಬೀಳುತ್ತಾನೆ. ಗಿಡದ ಬೇರು, ಏನು ಮಾಡೀತು ಎಂದು ಮಂದಿ ತಿಳಿಯುತ್ತಾರೆ, ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ ಎಂದರು. ನನಗೆ ಗಬ್ಬೂರಿನ ಜಾಲಿಗಿಡ ಕಣ್ಣ ಮುಂದೆ ಬಂತು.

ಆಗ ಅಪ್ಪನ ವಿಷಯ ಹೇಳಿದೆ. ಸೋಮವಾರದ ವಿಷಯವನ್ನೂ ಹೇಳಿದೆ. ಹೆಂಡತಿಗೆ ಹೇಳದ್ದನ್ನು ಆ ಬರಣಿಗಳ ನಡುವೆ ಕೂತು ಹೇಳಿಬಿಟ್ಟೆ. ಕಾಕಾ ನನ್ನ ಕೈ ಹಿಡಿದುಕೊಂಡರು.

“ನಿಮ್ಮಪ್ಪನ ರೋಗ ನಿಮಗ ಬಂದೈತೋ ಇಲ್ಲೋ, ನಾ ಹೇಳಾಂವ ಅಲ್ಲ. ಆದರ ಇದನ್ನ ಬಿಡದ ಯಾರಿಗೂ ಅದನ್ನ ಹೇಳಾಕ ಬರೂದಿಲ್ಲ. ಬ್ರಾಹ್ಮಿ ಕೊಡೂದಿಲ್ಲ ನಾ. ಮೊದಲ ಡಾಕ್ಟರ ಕಡೆ ಹೋಗ್ರಿ.”

ಯಾರು ತಂದರು ಹೇಳಿ ಎಂದು ಹಟ ಹಿಡಿದೆ. ಗಿರಾಕಿಯ ಹೆಸರು ಈ ಹೊಸ್ತಿಲು ದಾಟುವುದಿಲ್ಲ ಎಂದರು. ಪೊಟ್ಟಣದ ಮೇಲೆ ಹೆಸರಿರುತ್ತದೆ, ಮನೆಯಲ್ಲಿ ಹುಡುಕಿಕೊಳ್ಳಿ, ಓದಲು ಬರುತ್ತದಲ್ಲ ಎಂದು ಸಾಗಹಾಕಿದರು.

ಮನೆಗೆ ಬಂದಾಗ ಅತ್ತೆ ಸೊಸೆ ಇಬ್ಬರೂ ಪಕ್ಕದವರ ಗೃಹಪ್ರವೇಶದ ಊಟಕ್ಕೆ ಹೋಗಿದ್ದರು. ನನ್ನ ಮನೆಯ ಅಡುಗೆಮನೆಯೊಳಗೆ ಕಳ್ಳನ ಹಾಗೆ ಹೊಕ್ಕೆ. ಯಾಲಕ್ಕಿ ಡಬ್ಬಿಯ ಹಿಂದೆ ಒಂದು ಪೊಟ್ಟಣ ಸಿಕ್ಕಿತು, ‘ಚನ್ನಬಸವ್ವ’ ಎಂದು ಬರೆದಿತ್ತು. ಇವಳೇ ಎಂದುಕೊಂಡು ತಿರುಗಿದರೆ ಚಹಾಪುಡಿಯ ಡಬ್ಬಿಯಲ್ಲಿ ಇನ್ನೊಂದು, ‘ಉಮಾಶ್ರೀಯ ತಾಯಿ’. ಆ ಬೀಗಿತ್ತಿ ಇರುವುದು ಗದಗಿನಲ್ಲಿ. ಬೆಳಿಗ್ಗೆ ಬಿಸಿನೀರಿಗೆ ಹಾಕಿಕೊಳ್ಳಲೆಂದು ಮಗ ತಂದುಕೊಡುವ ಹೊಟ್ಟೆಯ ಚೂರ್ಣ ಪಡಸಾಲೆಯ ಕಪಾಟಿನಲ್ಲಿರುತ್ತದೆ. ಅನುಮಾನ ಬಂದು ಅಲ್ಲಿಗೂ ಕೈ ಹಾಕಿದೆ. ಮೂರನೆಯದು ಸಿಕ್ಕಿತು. ಅದರ ಮೇಲೆ ‘ದುರಗಪ್ಪ’ ಎಂದಿತ್ತು. ಚೀಲದ ಮೇಲೆ ತಲೆಯಿಟ್ಟರೆ ಲಾರಿಯ ಹಾರ್ನಿಗೂ ಏಳದ ದುರಗಪ್ಪ! ಅವನಿಗೆ ನಿದ್ದೆ ಬರುವ ಬೇರು!

ಆಗ ಬಂತು ನೋಡಿ ಸಿಟ್ಟು. ಅಂಗಾಲಿನಿಂದ ಹೊರಟು ಹೊಟ್ಟೆ ಹಾಯ್ದು ನೆತ್ತಿಗೆ ಏರಿತು. ಅಡುಗೆಮನೆಯ ನಡುವೆ ನಿಂತು ಆನಂದಪಟ್ಟೆ. ಅದು ಹೋಗಿರಲಿಲ್ಲ, ಒಳಗೇ ಇತ್ತು.

ಆ ಸಿಟ್ಟನ್ನು ಹಾಗೇ ಹಿಡಿದುಕೊಂಡು, ಮೂರೂ ಪೊಟ್ಟಣ ಜೇಬಿಗೆ ಹಾಕಿ, ಓಣಿಯ ಕೊನೆಯ ಕ್ಲಿನಿಕ್ಕಿಗೆ ನಡೆದೇ ಹೋದೆ. ಡಾಕ್ಟರಬಾಯಿ ನಾಹಿದಾ ಬಿಪಿ ನೋಡಿದರು. ಮೇಲಿನ ಅಂಕಿ ನೂರಕ್ಕಿಂತ ಕೆಳಗೆ ಇಳಿದಿತ್ತು. ಪೊಟ್ಟಣ ನೋಡಿ, ಇದನ್ನು ನನಗೇಕೆ ಹೇಳಲಿಲ್ಲ ಎಂದು ಗದರಿದರು. ನನಗೇ ಯಾರೂ ಹೇಳಿರಲಿಲ್ಲ ತಾಯಿ ಎಂದೆ. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು, ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸಿದರು, ಗಡಿಯಾರದ ಚಿತ್ರ ಬರೆಸಿದರು, ಆಮೇಲೆ ಆ ಮೂರು ಪದ ಕೇಳಿದರು. ಮೂರನ್ನೂ ಹೇಳಿದೆ. ನಾಲ್ಕನೆಯದಾಗಿ, ಅವರ ಗೋಡೆಯ ಗಡಿಯಾರ ಐದು ನಿಮಿಷ ಹಿಂದಿದೆ ಎಂದೂ ಹೇಳಿದೆ. ಅವರು ನಕ್ಕರು. ನೆನಪಿನ ವಿಷಯ ಇಂದು ಹೆದರುವ ಹಾಗೆ ಕಾಣುವುದಿಲ್ಲ, ಬೇರು ನಿಲ್ಲಿಸಿ ಹತ್ತು ದಿನ ಬಿಟ್ಟು ಬನ್ನಿ, ಮತ್ತೆ ನೋಡೋಣ ಎಂದರು. ಬಿಪಿ ಗುಳಿಗೆಯನ್ನು ಮಾತ್ರ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ, ನಾಳಿದ್ದು ಬಂದು ಬಿಪಿ ತೋರಿಸಿ ಎಂದರು. ಸೀನಿನ ಗುಳಿಗೆ ಬದಲಿಸಿದರು. ಅಲ್ಲಿಯವರೆಗೆ ಸ್ಕೂಟರು ಮುಟ್ಟಬಾರದು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಮೂರೂ ಪೊಟ್ಟಣ ಸಾಲಾಗಿ ಇಟ್ಟೆ. ಮೇಲಿನ ಹೆಸರು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಶಿವಯೋಗೀಶ ಹೆಂಡತಿಯ ಕಡೆ ನೋಡಿದ, ಉಮಾಶ್ರೀ ಅತ್ತೆಯ ಕಡೆ ನೋಡಿದಳು. ‘ನೀನೂ?’ ‘ನೀವೂ?’ ಎಂದು ಅವರವರಲ್ಲೇ ಪಿಸುಗುಟ್ಟಿದರು. ಆಗ ತಿಳಿಯಿತು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮಗ ಬೆಳಗಿನ ಚೂರ್ಣಕ್ಕೆ ಬೆರೆಸಿದ್ದ, ಸೊಸೆ ಚಹಾಕ್ಕೆ ಕುದಿಸಿದ್ದಳು, ಹೆಂಡತಿ ಸಂಜೆಯ ಹಾಲಿಗೆ ಹಾಕಿದ್ದಳು. ಅಪ್ಪ ಸಿಟ್ಟಾಗಬಾರದು ಎಂದು ಸಂಕ್ರಾಂತಿಯ ಮುಂಚೆ ಡಾಕ್ಟರು ಹೇಳಿದ್ದರು, ಅದಕ್ಕೇ ಇದನ್ನು ತಂದುಕೊಂಡೆ ಎಂದು ಮಗ ತೊದಲಿದ. ಸೊಸೆಯದೂ ಅದೇ ಮಾತು. ಮನೆಯ ಹಿರಿಯನ ಸಿಟ್ಟಿನ ವಿಷಯ ಹೊರಗೆ ಹೇಳಿದರೆ ಮನೆತನದ ಮರ್ಯಾದೆ ಏನಾದೀತು? ಹಾಗಾಗಿ ಮಗ ಹಮಾಲನ ಹೆಸರು ಹೇಳಿದ, ಸೊಸೆ ತನ್ನ ತಾಯಿಯ ಹೆಸರು ಹೇಳಿದಳು. ಮಲ್ಲಿಕಸಾಬ ಕಾಕಾ ಗದಗಿನ ಬೀಗಿತ್ತಿಗೆ ತಕ್ಕಂತೆ, ಎರಡು ಕ್ವಿಂಟಲ್ ಹೊರುವ ದುರಗಪ್ಪನಿಗೆ ತಕ್ಕಂತೆ ಅಳತೆ ಹೇಳಿ ಕಳಿಸಿದರು. ನನಗೆ ತಕ್ಕ ಪ್ರಶ್ನೆಯನ್ನು ಅವರಿಗೆ ಕೇಳಲು ಯಾರೂ ಬಿಡಲಿಲ್ಲ.

ನಾನು ಗಬ್ಬೂರಿನ ಜಾಲಿಗಿಡದ ಕಥೆ ಹೇಳಿದೆ. ಅಪ್ಪನ ಹೆದರಿಕೆ ಹೇಳಿದೆ. ಸೋಮವಾರ ಕೀಲಿಕೈ ಕೊಡಬೇಕೆಂದಿದ್ದೆ ಎಂದೆ. ಶಿವಯೋಗೀಶ ತಟ್ಟೆಯ ಮೇಲೇ ತಲೆ ಬಗ್ಗಿಸಿ ಅತ್ತ. ಮೂವತ್ತಮೂರು ವರ್ಷದ ಮಗ ಅಳುವುದನ್ನು ನೋಡಿದರೂ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ತಿಂಗಳ ಒದರು ಪೂರಾ ಬಾಕಿ ಇತ್ತಲ್ಲ.

“ನನಗ ಎದುರಿಗೆ ಹೇಳಬೇಕಿತ್ತಿಲ್ಲೋ? ನಾ ಎದುರಿಗೆ ಹೇಳೂ ಮನಷ್ಯಾ. ನನಗೂ ಎದುರಿಗೆ ಹೇಳ್ರಿ ಅಂತ ಎಷ್ಟ ಸಲ ಹೇಳೇನಿ?”

ತಾಟು ಅಲುಗಿತು. ಚನ್ನಬಸವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ಈಗ ಒದರಾಕತ್ತೀರಲ್ಲ, ಇದರ ಮ್ಯಾಲ ಯಾರ ದನಿ ಏರತೈತ್ರಿ?”

ಮೂವತ್ತೆಂಟು ವರ್ಷದಲ್ಲಿ ಅವಳು ನನಗೆ ಎದುರಿಗೆ ಹೇಳಿದ ಮೊದಲ ಮಾತು ಇದೇ ಇರಬೇಕು. ನಾನು ಸೋಲದವನಂತೆ, ನೀನೂ ಆ ಮುದುಕನಿಗೆ ಸುಳ್ಳು ಹೇಳಿದೆ, ನಿನ್ನ ಹೆಸರು ಹೇಳಿ ತಂದೆ ಎಂದೆ. ಅವಳು ತನ್ನ ಹೆಸರಿದ್ದ ಪೊಟ್ಟಣವನ್ನು ತನ್ನ ಕಡೆ ಎಳೆದುಕೊಂಡಳು.

“ನಾ ಸುಳ್ಳ ಹೇಳಿಲ್ರಿ. ಇದು ನಂದ. ಮೂರ ವರ್ಷ ಆತು ತರಾಕತ್ತು. ನೀವು ಒದರಿದ ದಿನ ನನಗ ನಿದ್ದಿ ಬರೂದಿಲ್ಲ, ಎದಿ ಡವಡವ ಅಂತೈತಿ. ಸಂಕ್ರಾಂತಿ ಆದ ಮ್ಯಾಲ ಇದರಾಗಿಂದ ಒಂದ ಚಿಟಿಕಿ ನಿಮ್ಮ ಹಾಲಿಗೆ ಹಾಕೀನಿ. ಅವತ್ತಿನಿಂದ ನನಗ ಇದು ಬೇಕಾಗಿಲ್ಲ.”

ಮಗ್ಗುಲಲ್ಲೇ ಮಲಗುವವಳು. ಒಂದು ಕಾಯಿ ಮುಟ್ಟಿ ಅದು ಯಾವ ಊರಿನ ಹೊಲದ್ದು ಎಂದು ಹೇಳಬಲ್ಲೆ ನಾನು, ಇವಳು ಮೂರು ವರ್ಷ ನಿದ್ದೆಗೆ ಬೇರು ತೇಯ್ದು ಕುಡಿದದ್ದು ಗೊತ್ತಾಗಲಿಲ್ಲ. ಮೂಗಿಲ್ಲದ್ದಕ್ಕೆ ಎಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ. ಭಾಳ ನಾಚಿಕೆಯಾಯಿತು, ಭಾಳ ಸಂಕಟವಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುವುದು ನಮ್ಮವ್ವ ಅಪ್ಪನಿಗೆ ಹೇಳುತ್ತಿದ್ದ ಗಾದೆ. ಆಗ ಅದಕ್ಕೆ ನಾನು ನಗುತ್ತಿದ್ದೆ.

“ಈಗ ಹೇಳು” ಅಂದೆ. “ಎಲ್ಲಾ ಹೇಳು. ನಾ ಬಾಯಿ ತೆರೆಯೂದಿಲ್ಲ.”

ತೆರೆಯಲಿಲ್ಲ. ಬಸವಣ್ಣನ ಆಣೆ, ಎರಡು ತಾಸು ತೆರೆಯಲಿಲ್ಲ. ಅವಳು ಮದುವೆಯ ಹಂದರದಿಂದ ಶುರು ಮಾಡಿದಳು. ತನ್ನ ತಮ್ಮನ ನಿಶ್ಚಿತಾರ್ಥದಲ್ಲಿ ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದರೆಂದು ನಾನು ಪಂಕ್ತಿಯಿಂದ ಎದ್ದದ್ದು, ಮೊಮ್ಮಗನನ್ನು ನೋಡಲು ಬಂದ ಅವಳ ಅಪ್ಪ ನನ್ನ ದನಿ ಕೇಳಿ ಬಾಗಿಲಿನಿಂದಲೇ ತಿರುಗಿದ್ದು, ಒಂದೂ ಬಿಡಲಿಲ್ಲ. ಅವಳು ಉಸಿರು ತಗೊಳ್ಳಲು ನಿಂತಾಗ ಮಗ ಹತ್ತನೆಯ ತರಗತಿಯ ಗಣಿತದ ಅಂಕದಿಂದ ಶುರು ಮಾಡಿದ. ಕೊನೆಗೆ ಸೊಸೆ “ನಾನೂ ಒಂದೆರಡ ಹೇಳ್ಲ್ಯಾ ಮಾವ?” ಎಂದು ಕೇಳಿ ಹನ್ನೊಂದು ಹೇಳಿದಳು. ಅದರಲ್ಲಿ ನಾಲ್ಕು ನಿಜವಾಗಿ ನನ್ನ ತಪ್ಪಲ್ಲ. ಆದರೂ ಹಲ್ಲು ಕಚ್ಚಿ ನೀರು ಕುಡಿದೆ, ಚೊಂಬು ಖಾಲಿಯಾಯಿತು. ರೊಟ್ಟಿ ಆರಿ ಹಪ್ಪಳವಾಗಿತ್ತು. ಕೊನೆಕೊನೆಗೆ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ.

ಸೋಮವಾರ ಪೂಜೆ ಮುಗಿಸಿ ನನ್ನ ಕೀಲಿಕೈ ಸೊಂಟಕ್ಕೇ ಸಿಕ್ಕಿಸಿಕೊಂಡೆ. ಮಗನಿಗೆ ಬೇರೊಂದು ಮಾಡಿಸಿಕೊಟ್ಟೆ. ನಾಲ್ಕೈದು ದಿನಕ್ಕೆ ತಲೆ ಹಗುರಾಯಿತು, ಕಡ್ಡಿ ಕಡ್ಡಿಯಾಗಿ ಡಬ್ಬಿ ಡಬ್ಬಿಯಾಗಿ ಕಂಡವು. ಹತ್ತನೆಯ ದಿನ ಡಾಕ್ಟರಬಾಯಿ ಮತ್ತೆ ಎಲ್ಲಾ ಕೇಳಿ, ಸದ್ಯಕ್ಕೆ ನಿಮ್ಮ ತಲೆ ನನ್ನ ಗಡಿಯಾರಕ್ಕಿಂತ ಸರಿಯಿದೆ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ಮರುದಿನ ಕಪಿಲ ಹೆದರುತ್ತಲೇ ಒಂದು ಕಾಯಿ ಎತ್ತಿ ಹಿಡಿದ. ನಾನು ಒದರಿದ ಒದರಿಗೆ ಯಂಕಣ್ಣನ ಪೆನ್ನು ಕೆಳಗೆ ಬಿತ್ತು. ದುರಗಪ್ಪ ಚೀಲ ಇಳಿಸಿ ಕೈ ಮುಗಿದ. ಕಪಿಲ ಸಾಲಿಗೆಲ್ಲಾ ಚಹಾ ಹೇಳಿದ. ಮಲ್ಲಿಕಸಾಬ ಕಾಕಾ ಈಗ ಒಂದು ಪ್ರಶ್ನೆ ಹೆಚ್ಚು ಕೇಳುತ್ತಾರಂತೆ. ಯಾರಿಗೆ ಬೇಕು ಎಂದು ಕೇಳಿ, ಬರೆದುಕೊಂಡು, ಆಮೇಲೆ ಕನ್ನಡಕದ ಮೇಲಿಂದ ನೋಡಿ, ‘ಖರೇನ ಯಾರಿಗೆ?’ ಎನ್ನುತ್ತಾರಂತೆ.

ಒದರುವುದನ್ನು ನಾನು ಈಗ ಮಾರ್ಕೆಟ್ಟಿನಲ್ಲೇ ಮುಗಿಸಿ ಬರಲು ನೋಡುತ್ತೇನೆ. ಆಗುತ್ತದೆ ಎಂದು ಹೇಳಲಾರೆ. ಮನುಷ್ಯ ಒಂದೇ ತಿಂಗಳಲ್ಲಿ ಬಸವಣ್ಣನ ಶರಣನಾಗಿಬಿಡುವುದಿಲ್ಲ. ಚನ್ನಬಸವ್ವನನ್ನೂ ಡಾಕ್ಟರಬಾಯಿಗೆ ತೋರಿಸಿದೆ. ಅವಳಿಗೆ ಬೇರೆ ಗುಳಿಗೆ ಯಾವುದೂ ಇಲ್ಲ. ಬೇಕೆನಿಸಿದ ದಿನ ಮಾತ್ರ ಕಾಕಾ ಹೇಳಿದ ಅಳತೆ ಮೀರದೆ ತಗೊಳ್ಳಲಿ, ದಿನಾ ಬೇಕಾಗತೊಡಗಿದರೆ ಬಂದು ಹೇಳಲಿ ಎಂದಿದ್ದಾರೆ. ಅವಳ ಹೆಸರಿನ ಪೊಟ್ಟಣ ಯಾಲಕ್ಕಿ ಡಬ್ಬಿಯ ಹಿಂದೆಯೇ ಇದೆ. ನಾನು ಅದನ್ನು ಮುಟ್ಟುವುದಿಲ್ಲ.

ಆದರೆ ದಿನಾ ಸಂಜೆ ಊಟವಾದ ಮೇಲೆ ಅವಳ ಹಾಲಿನ ಲೋಟ ಬಂದಾಗ ಉಮಾಶ್ರೀಯನ್ನು ಕರೆಯುತ್ತೇನೆ. ನನಗೆ ಮೂಗಿಲ್ಲ, ಅವಳಿಗಿದೆ. ಅವಳು ಅತ್ತೆಯ ಲೋಟ ಎತ್ತಿ ಮೂಸಿ ನೋಡಿ, ಬೇರಿನ ವಾಸನೆ ಇದೆಯೋ ಇಲ್ಲವೋ ನನಗೆ ಹೇಳಬೇಕು. ಕೆಲವು ಸಂಜೆ ಅವಳು ಏನೂ ಹೇಳದೆ ಲೋಟ ಕೆಳಗಿಡುತ್ತಾಳೆ. ಆಗ ನಾನು ಎದ್ದು ಚನ್ನಬಸವ್ವನ ಪಕ್ಕ ಕೂತು, ಇವತ್ತು ನಾನು ಏನು ಮಾಡಿದೆ ಹೇಳು ಎಂದು ಕೇಳುತ್ತೇನೆ, ಅವಳು ಹೇಳುತ್ತಾಳೆ. ನಿನ್ನೆ ಲಾರಿಯವನ ಮೇಲಿನ ಸಿಟ್ಟನ್ನು ಮನೆಯವರೆಗೂ ತಂದುಬಿಟ್ಟೆನೇನೋ ಎಂದು ನನಗೇ ಅನುಮಾನವಿತ್ತು. ಉಮಾಶ್ರೀ ಲೋಟ ಎತ್ತಿದಾಗ ನನ್ನ ಎದೆಯೇ ಡವಡವ ಎನ್ನುತ್ತಿತ್ತು. ಅವಳು ಬೇಕೆಂದೇ ಎರಡು ಸಲ ಮೂಸಿದಳು.

“ಬರೇ ಹಾಲು ಐತ್ರಿ ಮಾವ” ಅಂದಳು.